ದೊಡ್ಡವರಲ್ಲಿ ಕೋಆರ್ಕ್ಟೇಶನ್: ತೊಡೆಸಂದಿನ ನಾಡಿ ಬಿಡಬೇಡಿ

ಸೈನ್ಯಕ್ಕೆ ಸೇರಲು ಹೊರಟ ಕೊಡಗಿನ ಹುಡುಗನೊಬ್ಬ ನಿಮ್ಮೆದುರು ಕೂತಿದ್ದಾನೆ ಅಂದುಕೊಳ್ಳಿ. ವಯಸ್ಸು 22. ಆಳು ಗಟ್ಟಿಮುಟ್ಟು, ಆದರೆ ತೋಟದ ಏರು ಹತ್ತಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಬಲಗೈ ಬಿ.ಪಿ. 170/90. ‘ಟೆನ್ಷನ್’ ಎಂದು ಮಾತ್ರೆ ಬರೆಯುವ ಮುಂಚೆ ಒಂದು ಕೈ ಮಣಿಕಟ್ಟಿನ ನಾಡಿಯ ಮೇಲೆ, ಇನ್ನೊಂದು ತೊಡೆಸಂದಿನ ಮೇಲೆ ಇಡಿ. ಎರಡೂ ಒಟ್ಟಿಗೇ ಬಡಿಯಬೇಕು. ಇವನಲ್ಲಿ ಕೆಳಗಿನದು ಸಣ್ಣಗೆ, ಒಂದು ಚೂರು ತಡವಾಗಿ ಸಿಗುತ್ತದೆ.

ಮಹಾಪಧಮನಿ ಎಡ ಸಬ್‌ಕ್ಲೇವಿಯನ್ ಕವಲು (ಎಡಗೈಗೆ ಹೋಗುವ ಅಪಧಮನಿ) ದಾಟಿದ ಕೂಡಲೇ, ಡಕ್ಟಸ್ (ಹುಟ್ಟಿದ ಮೇಲೆ ಮುಚ್ಚಿಕೊಳ್ಳುವ ಭ್ರೂಣದ ನಾಳ) ಇದ್ದ ಜಾಗದಲ್ಲಿ, ಹುಟ್ಟಿನಿಂದಲೇ ಕಿರಿದಾಗಿರುತ್ತದೆ. ಇದೇ ಕೋಆರ್ಕ್ಟೇಶನ್. ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಪೈಪ್ ಮಡಚಿಕೊಂಡರೆ ಏನಾಗುತ್ತದೆಂದು ತೋಟದವರಿಗೆ ಗೊತ್ತು: ಪಂಪಿನ ಕಡೆ ಬಿಗಿ, ಆಚೆ ಬರೀ ತೊಟ್ಟು. ಮೂತ್ರಪಿಂಡ ಇರುವುದು ಆಚೆ ಕಡೆ. ರಕ್ತ ಸಾಲದೆಂದು ಅದು ರೆನಿನ್ ಎಂಬ ಕಿಣ್ವ ಸುರಿಸುತ್ತದೆ, ಬಿ.ಪಿ. ಮತ್ತೂ ಏರುತ್ತದೆ.

ರಕ್ತ ಅಡ್ಡದಾರಿ ಹುಡುಕುತ್ತದೆ. ಪಕ್ಕೆಲುಬುಗಳ ನಡುವಿನ ಅಪಧಮನಿಗಳಲ್ಲಿ ಹಿಮ್ಮುಖವಾಗಿ ಹರಿದು ಕೆಳಗಿನ ಮಹಾಪಧಮನಿ ಸೇರುತ್ತದೆ. ಆ ನಾಳಗಳು ಉಬ್ಬಿ, ಸುರುಳಿಯಾಗಿ ಎಲುಬಿನ ಕೆಳಅಂಚನ್ನು ಸವೆಸುತ್ತವೆ. ಎಕ್ಸ್‌ರೇಯಲ್ಲಿ 3ರಿಂದ 8ನೇ ಪಕ್ಕೆಲುಬಿನವರೆಗೆ ಕಚ್ಚು ಕಾಣುವುದು ಇದರಿಂದ. ಮೊದಲೆರಡಕ್ಕೆ ಕಚ್ಚಿಲ್ಲ ಏಕೆ? ಅವುಗಳ ರಕ್ತ ಸಬ್‌ಕ್ಲೇವಿಯನ್‌ನಿಂದಲೇ ಬರುತ್ತದೆ. ಇದನ್ನು ಬಾಯಿಪಾಠ ಮಾಡಬೇಡಿ, ಚಿತ್ರ ಬರೆದು ನೋಡಿ.

ಎರಡೂ ಕೈಗಳ ಬಿ.ಪಿ. ನೋಡಲೇಬೇಕು. ಬಲ ಸಬ್‌ಕ್ಲೇವಿಯನ್ ಕೆಲವರಲ್ಲಿ ಕಿರಿದಾದ ಜಾಗದ ಕೆಳಗಿನಿಂದ ಹೊರಡುತ್ತದೆ. ಆಗ ಬಲಗೈ ಓದು ಮೋಸ ಮಾಡುತ್ತದೆ.

ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ, ಮಹಾಪಧಮನಿಯ ಕವಾಟವನ್ನೂ ನೋಡಿ. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅದಕ್ಕೆ ಮೂರರ ಬದಲು ಎರಡೇ ಎಸಳು. ಪೂರ್ತಿ ನಕ್ಷೆಗೆ ಸಿ.ಟಿ. ಅಥವಾ ಎಂ.ಆರ್.ಐ. ಬೇಕು. ಸುಮಾರು ಹತ್ತರಲ್ಲಿ ಒಬ್ಬರ ಮೆದುಳಿನ ರಕ್ತನಾಳದಲ್ಲಿ ಅನ್ಯೂರಿಸಂ (ಒಡೆಯಬಹುದಾದ ಉಬ್ಬು) ಇರುತ್ತದೆ. ಹಠಾತ್ ತಲೆನೋವನ್ನು ಹಗುರವಾಗಿ ಕಾಣಬೇಡಿ.

ಕೈ-ಕಾಲಿನ ಬಿ.ಪಿ. ಅಂತರ 20 ಎಂ.ಎಂ. ಪಾದರಸ ಅಥವಾ ಹೆಚ್ಚಿದ್ದು, ಕೈಯ ಬಿ.ಪಿ.ಯೂ ಏರಿದ್ದರೆ ಕಿರಿದಾದ ಜಾಗ ತೆರೆಯಬೇಕು. ದೊಡ್ಡವರಲ್ಲಿ ಸಾಮಾನ್ಯವಾಗಿ ಸ್ಟೆಂಟ್, ರಚನೆ ಹೊಂದದಿದ್ದರೆ ಶಸ್ತ್ರಚಿಕಿತ್ಸೆ. ಅಲ್ಲಿಯವರೆಗೆ ಮಾತ್ರೆ ಇರಲಿ, ಆದರೆ ಕೈಯ ಬಿ.ಪಿ. ತೀರಾ ಇಳಿಸಿದರೆ ಮೂತ್ರಪಿಂಡ ಒಣಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಕಳಿಸುವಾಗ ಚೀಟಿಯಲ್ಲಿ ಎರಡು ಕೈ, ಎರಡು ಕಾಲು, ನಾಲ್ಕರ ಬಿ.ಪಿ.ಯನ್ನೂ ಬರೆಯಿರಿ.

ಇನ್ನೊಂದು. ಎಡಬೆನ್ನಿನ ಮೇಲೆ ಹಳೆಯ ಹೊಲಿಗೆ ಗುರುತು ಕಂಡರೆ ‘ಚಿಕ್ಕವನಿದ್ದಾಗ ಆಪರೇಷನ್ ಆಗಿ ಸರಿಹೋಯಿತು’ ಅನ್ನುತ್ತಾರೆ. ಸರಿಪಡಿಸಿದ ಜಾಗ ಮತ್ತೆ ಕಿರಿದಾಗಬಹುದು, ಉಬ್ಬಬಹುದು, ಬಿ.ಪಿ. ಹಾಗೇ ಉಳಿಯಬಹುದು. ಅವರ ತೊಡೆಸಂದನ್ನೂ ಮುಟ್ಟಿ ನೋಡಿ, ಕೊನೆಯ ಸ್ಕ್ಯಾನ್ ಯಾವಾಗ ಆಯಿತೆಂದು ಕೇಳಿ.