ಡಿಸೆಂಬರ್ 31 ಅಂತ ಹಾಕಿದ್ದಾರಲ್ಲ, ಹಾಗಾದ್ರೆ ಆಲ್ಬಂ ಡೇಟ್ ಪಕ್ಕಾ ಅಲ್ವಾ?

ಪ್ರಶ್ನೆ: "ಅಕ್ಕಾ, ಆನ್‌ಲೈನ್ ಅಂಗಡಿಯಲ್ಲಿ ಹೊಸ ಆಲ್ಬಂಗೆ ಡಿಸೆಂಬರ್ 31 ಅಂತ ಡೇಟ್ ಹಾಕಿದ್ದಾರೆ. ಪ್ರೀ-ಆರ್ಡರ್ ಕೂಡ ತಗೋತಿದ್ದಾರೆ. ಹಾಸ್ಟೆಲ್‌ನಲ್ಲಿ ಎಲ್ಲರೂ ಪಕ್ಕಾ ಅಂತಿದ್ದಾರೆ. ನೀವೇನಂತೀರಾ?" (ಕಾಲೇಜು ವಿದ್ಯಾರ್ಥಿನಿ, ಹಾಸನ)

ಪಕ್ಕಾ ಅಲ್ಲ ಮಾರಾಯ್ತಿ.

ಯಾರ ಆಲ್ಬಂ ಅಂತ ಇಲ್ಲಿ ಬರೆಯುತ್ತಿಲ್ಲ. ಬರೆದರೂ ಒಂದೇ, ಬಿಟ್ಟರೂ ಒಂದೇ. ಗಾಯಕರು ಬದಲಾಗುತ್ತಾರೆ, ನನಗೆ ಬರುವ ಸ್ಕ್ರೀನ್‌ಶಾಟ್ ಮಾತ್ರ ಬದಲಾಗುವುದಿಲ್ಲ. ಅದೇ ಡಿಸೆಂಬರ್ 31, ಸುತ್ತ ಒಂದು ಕೆಂಪು ಗೆರೆ, ಪಕ್ಕದಲ್ಲಿ ಅಳುವ ಇಮೋಜಿ. ಉತ್ತರ ಚಿಕ್ಕದು: ಗಾಯಕರು ಅಥವಾ ಅವರ ಕಂಪನಿಯವರು ತಮ್ಮ ಬಾಯಿಂದ ಹೇಳುವ ತನಕ ಡೇಟ್ ಇಲ್ಲ. ಇಷ್ಟು ಹೇಳಿದರೆ ಯಾರೂ ಸುಮ್ಮನಾಗುವುದಿಲ್ಲ ಅಂತ ಗೊತ್ತು. ಅದಕ್ಕೇ ಈ ಡಿಸೆಂಬರ್ 31ರ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಂಗಡಿಯವರು ಏನನ್ನಾದರೂ ಮಾರಾಟಕ್ಕೆ ಹಾಕಬೇಕಾದರೆ ಕಂಪ್ಯೂಟರ್‌ನಲ್ಲಿ ಒಂದು ಫಾರಂ ತುಂಬಬೇಕು. ಹೆಸರು, ಬೆಲೆ, ಬಿಡುಗಡೆ ದಿನಾಂಕ. ದಿನಾಂಕದ ಜಾಗ ಖಾಲಿ ಬಿಟ್ಟರೆ ಎಷ್ಟೋ ಕಡೆ ಫಾರಂ ಮುಂದಕ್ಕೇ ಹೋಗುವುದಿಲ್ಲ. ದಿನಾಂಕ ಇನ್ನೂ ಗೊತ್ತಿಲ್ಲ, ಆರ್ಡರ್ ಮಾತ್ರ ಈಗಿನಿಂದಲೇ ಬೇಕು. ಆಗ ದೂರದ ಯಾವುದೋ ಒಂದು ದಿನ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಕೆಲವರು ತಿಂಗಳ ಕೊನೆ ದಿನ ಹಾಕುತ್ತಾರೆ, ಕೆಲವರು ವರ್ಷದ ಕೊನೆ ದಿನ. ನಿಜವಾದ ದಿನಾಂಕ ಬಂದಾಗ ತಿದ್ದಿದರಾಯಿತು. ಅದೇ ಅಂಗಡಿಯಲ್ಲಿ ಇನ್ನೂ ಬಾರದ ವಿಡಿಯೋ ಗೇಮ್‌ಗಳನ್ನು ಹುಡುಕಿ ನೋಡಿ. ಅಲ್ಲೂ ಡಿಸೆಂಬರ್ 31 ಸಿಕ್ಕರೆ ಆಶ್ಚರ್ಯಪಡಬೇಡಿ.

ಇನ್ನೂ ನಂಬಿಕೆ ಬರಲಿಲ್ಲವಾ? ಕ್ಯಾಲೆಂಡರ್ ತೆಗೆಯಿರಿ. 2026ರ ಡಿಸೆಂಬರ್ 31 ಗುರುವಾರ. ದೊಡ್ಡ ಕಂಪನಿಗಳು ಹೊಸ ಆಲ್ಬಂ ಬಿಡುವುದು ಸಾಮಾನ್ಯವಾಗಿ ಶುಕ್ರವಾರ. 2015ರ ಜುಲೈ 10ರಿಂದ ಹೀಗೆ. ಅದಕ್ಕೆ ಮುಂಚೆ ಬ್ರಿಟನ್‌ನಲ್ಲಿ ಸೋಮವಾರ, ಅಮೆರಿಕದಲ್ಲಿ ಮಂಗಳವಾರ ಬರುತ್ತಿತ್ತು. ಒಂದು ದೇಶದಲ್ಲಿ ಬಂದ ಹಾಡನ್ನು ಇನ್ನೊಂದು ದೇಶದವರು ಕದ್ದು ಡೌನ್‌ಲೋಡ್ ಮಾಡಿಕೊಳ್ಳುತ್ತಿದ್ದರು. ಆ ಕಾಟ ತಪ್ಪಲಿ ಅಂತಲೂ ಎಲ್ಲರೂ ಒಂದೇ ದಿನಕ್ಕೆ ಬಂದರು. ಹೊಸ ವರ್ಷದ ಹಿಂದಿನ ದಿನ, ಎಲ್ಲರೂ ಪಾರ್ಟಿಯ ಗಡಿಬಿಡಿಯಲ್ಲಿರುವಾಗ, ಅದೂ ಗುರುವಾರ, ವರ್ಷಗಟ್ಟಲೆ ಮಾಡಿದ ಕೆಲಸವನ್ನು ಯಾರಾದರೂ ಬಿಡುತ್ತಾರಾ?

ಪ್ರೀ-ಆರ್ಡರ್ ವಾದವೂ ಅಷ್ಟೇ. ಆರ್ಡರ್ ತೆಗೆದುಕೊಳ್ಳಲು ಆಲ್ಬಂ ತಯಾರಾಗಿರಬೇಕು ಅಂತೇನೂ ಇಲ್ಲ.

ಇನ್ನು ಸುಳಿವು ಹುಡುಕುವವರ ಗುಂಪು. ಗಾಯಕಿಯ ಉಗುರಿನ ಬಣ್ಣ, ಫೋಟೋದಲ್ಲಿರುವ ಗಡಿಯಾರದ ಮುಳ್ಳು, ಹೀಗೆ ಕೂಡಿ ಕಳೆದು ಒಂದು ತಾರೀಖು ತೆಗೆಯುತ್ತಾರೆ. ನೋಡಿ, ಹಾಸನಾಂಬೆಯ ಬಾಗಿಲು ತೆಗೆಯುವುದು ಆಶ್ವಯುಜ ಹುಣ್ಣಿಮೆ ಆದಮೇಲಿನ ಮೊದಲ ಗುರುವಾರ. ಪಂಚಾಂಗ ಕೈಯಲ್ಲಿದ್ದರೆ ಮುಂದಿನ ವರ್ಷದ್ದನ್ನೂ ಇವತ್ತೇ ಹೇಳಬಹುದು. ಆಲ್ಬಂಗೆ ಅಂಥ ಪಂಚಾಂಗ ಇಲ್ಲ. ಗಾಯಕರೇ ಕೊಟ್ಟ ಸುಳಿವೂ ಕೈಕೊಡುತ್ತದೆ. 2016ರ ಜುಲೈ ಶುರುವಿನಲ್ಲಿ ಅಮೆರಿಕದ ಗಾಯಕ ಫ್ರಾಂಕ್ ಓಷನ್ ಒಂದು ಲೈಬ್ರರಿ ಚೀಟಿಯ ಚಿತ್ರ ಹಾಕಿದರು. ಅದರ ಮೇಲೆ ಜುಲೈ 2016ರ ಮುದ್ರೆ. ಜುಲೈ ಬಂತು, ಹೋಯಿತು. ಅವರ ಆಲ್ಬಂ 'ಬ್ಲಾಂಡ್' ಬಂದದ್ದು ಆಗಸ್ಟ್ 20ಕ್ಕೆ, ಶುಕ್ರವಾರದ ಪದ್ಧತಿಯನ್ನೂ ಮುರಿದು ಶನಿವಾರ. ಅಲ್ಲಿನದೇ ಗಾಯಕಿ ಬಿಯಾನ್ಸೆಯಂತೂ 2013ರ ಡಿಸೆಂಬರ್ 13ರಂದು ಮೊದಲೇ ಏನೂ ಹೇಳದೆ ಇಡೀ ಆಲ್ಬಂ ತಂದು ಮುಂದಿಟ್ಟರು.

ಅಷ್ಟು ದೂರ ಯಾಕೆ, ನಮ್ಮ ಜಿಲ್ಲೆಯ ಭುವನಹಳ್ಳಿಯಲ್ಲಿ ಹುಟ್ಟಿದ ಯಶ್ ಅವರ 'ಟಾಕ್ಸಿಕ್' ಸಿನಿಮಾಕ್ಕೆ 2025ರ ಏಪ್ರಿಲ್ 10 ಅಂತ ಚಿತ್ರತಂಡವೇ ಹೇಳಿತ್ತು. ಆ ದಿನ ಬರಲಿಲ್ಲ. ಮಾಡಿದವರು ಹೇಳಿದ ದಿನವೇ ಜಾರುತ್ತದೆ. ನೀವು ಅಂಗಡಿಯವರು ಹಾಕಿದ ದಿನಕ್ಕೆ ಊರಿನ ಬಸ್ ಟಿಕೆಟ್ ಕ್ಯಾನ್ಸಲ್ ಮಾಡುತ್ತೀರಿ!

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಡೇಟ್ ನಿಜವಾಗಿಯೂ ಬಂತು ಅಂದುಕೊಳ್ಳಿ. ರಾತ್ರಿ 12ಕ್ಕೆ ಎದ್ದು ಕೂರಬೇಕಾ? ಆಯಾ ದೇಶದ ಮಧ್ಯರಾತ್ರಿಗೆ ಅಂದಿದ್ದರೆ ಹೌದು, ಹಾಸನದಲ್ಲೂ 12ಕ್ಕೆ ಬರುತ್ತದೆ. ನ್ಯೂಯಾರ್ಕ್‌ನ ಮಧ್ಯರಾತ್ರಿ ಅಂದಿದ್ದರೆ ನಮಗೆ ಬೆಳಗ್ಗೆ 9:30. ಚಳಿಗಾಲದಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ 10:30. ಕೊರಿಯಾದವರು ಕೆಲವು ಸಲ ಬಳಸುವ ಮಧ್ಯಾಹ್ನ 1 ಗಂಟೆ ಲೆಕ್ಕ ಹಾಕಿದರೂ ನಮಗೆ ಅದೇ 9:30, ವರ್ಷವಿಡೀ. ಹಾಗಾಗಿ ಎಷ್ಟೋ ಸಲ ನಿದ್ದೆಗೆಡುವ ಅಗತ್ಯವೇ ಇಲ್ಲ. ತಪ್ಪುವುದು ಮೊದಲ ಪೀರಿಯಡ್. ಅಟೆಂಡೆನ್ಸ್ ವಿಷಯ ನನ್ನ ಹತ್ತಿರ ತರಬೇಡಿ.