ಪದ ಪರಿಚಯ: ಹಿಮ್ಮುಖ ನೋಟ

ಪಟ್ಟಿಯೊಂದರ ಅಂಶಗಳನ್ನು ಕದಲಿಸದೆ, ಅವುಗಳ ಇನ್ನೊಂದು ಪ್ರತಿಯನ್ನೂ ಮಾಡಿಕೊಳ್ಳದೆ, ಕೊನೆಯಿಂದ ಮೊದಲಿನತ್ತ ಓದಿಕೊಂಡು ಬರುವ ಏರ್ಪಾಟನ್ನು ಪ್ರೋಗ್ರಾಮಿಂಗ್‌ನಲ್ಲಿ ‘ರಿವರ್ಸ್ ವ್ಯೂ’ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ಹಿಮ್ಮುಖ ನೋಟ ಎನ್ನಬಹುದು. ‘ನೋಟ’ ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ಅದರ ಬಳಿ ಸ್ವಂತ ದತ್ತಾಂಶವಿಲ್ಲ. ಮೂಲ ಪಟ್ಟಿ ಎಲ್ಲಿದೆ ಎಂಬ ಗುರುತು, ಅದನ್ನು ಹೇಗೆ ಓದಬೇಕೆಂಬ ನಿಯಮ, ಇವೆರಡೇ ಅದರ ಆಸ್ತಿ.

ಆ ನಿಯಮವಾದರೂ ಒಂದು ಸಣ್ಣ ಕಳೆಯುವ ಲೆಕ್ಕ. 10, 20, 30, 40 ಎಂಬ ಪಟ್ಟಿಯಲ್ಲಿ ಎಣಿಕೆ 0ಯಿಂದ ಶುರುವಾಗುತ್ತದೆ ಎಂದುಕೊಳ್ಳೋಣ. ನೋಟದ 0ನೆಯ ಅಂಶವನ್ನು ಕೇಳಿದಾಗ, ಪಟ್ಟಿಯ ಉದ್ದವಾದ 4ರಿಂದ 1ನ್ನೂ ಕೇಳಿದ ಸ್ಥಾನವನ್ನೂ ಕಳೆದು, ಮೂಲದ 3ನೆಯ ಸ್ಥಾನದಲ್ಲಿರುವ 40ನ್ನು ಕೊಡಲಾಗುತ್ತದೆ. ತಲಾ 8 ಬೈಟ್‌ಗಳ 10 ಲಕ್ಷ ಅಂಶಗಳಿದ್ದರೆ ಪ್ರತಿ ಮಾಡಲು ಇನ್ನೂ 80 ಲಕ್ಷ ಬೈಟ್ ಬೇಕಾಗುತ್ತದೆ. ನೋಟಕ್ಕಾದರೋ ಪಟ್ಟಿ ಎಷ್ಟೇ ಉದ್ದವಿರಲಿ ಖರ್ಚು ಬೆಳೆಯುವುದಿಲ್ಲ.

ಉಳಿತಾಯಕ್ಕಿಂತ ಮುಖ್ಯವಾದದ್ದು, ನೋಟ ಮೂಲಕ್ಕೆ ಅಂಟಿಕೊಂಡೇ ಇರುತ್ತದೆ ಎಂಬ ಸಂಗತಿ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ 2023ರಲ್ಲಿ ಬಂದ 21ನೆಯ ಆವೃತ್ತಿಯಲ್ಲಿ, ಬದಲಾಯಿಸಬಹುದಾದ ಇಂಥ ಪಟ್ಟಿಯೊಂದರ ಮೇಲೆ ‘ರಿವರ್ಸ್ಡ್’ ಎಂಬ ಆದೇಶವನ್ನು ಕರೆದು, ಸಿಕ್ಕ ನೋಟದ ಮೊದಲ ಸ್ಥಾನದಲ್ಲಿ 99 ಬರೆದರೆ, ಮೂಲ ಪಟ್ಟಿಯೇ 10, 20, 30, 99 ಆಗಿಬಿಡುತ್ತದೆ. ಇದು ದೋಷವಲ್ಲ, ನೋಟದ ಸ್ವಭಾವ. ತೊಂದರೆ ಕೊಡುವುದು ಹೆಸರು. ಕಾಟ್ಲಿನ್ ಎಂಬ ಇನ್ನೊಂದು ಭಾಷೆಯಲ್ಲಿ ಪಟ್ಟಿಯ ಮೇಲೆ ಅದೇ ‘ರಿವರ್ಸ್ಡ್’ ಕರೆದರೆ ಹೊಸ ಪ್ರತಿ ಸಿಗುತ್ತದೆ, ನೋಟ ಬೇಕೆಂದರೆ ‘ಆ್ಯಸ್‌ರಿವರ್ಸ್ಡ್’ ಎನ್ನಬೇಕು. ಪೈಥಾನ್‌ನಲ್ಲಿ ಅದೇ ಹೆಸರು ಅಂಶಗಳನ್ನು ಒಂದೊಂದಾಗಿ ಕೊಡುತ್ತಾ ಹೋಗಿ, ಒಂದು ಸಲ ಓದಿ ಮುಗಿದರೆ ಬರಿದಾಗುವ ‘ಇಟರೇಟರ್’ ಅನ್ನು ಕೊಡುತ್ತದೆ. ಜಾವಾಸ್ಕ್ರಿಪ್ಟ್‌ನ ‘ರಿವರ್ಸ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೂಲವನ್ನೇ ತಿರುಗಿಸಿಡುತ್ತದೆ. ಆದ್ದರಿಂದ ಹೊಸ ಭಾಷೆಯೊಂದರಲ್ಲಿ ಈ ಪದ ಕಂಡಾಗ ಹೆಸರನ್ನು ನಂಬದೆ ಕೈಪಿಡಿಯನ್ನು ನೋಡುವುದೇ ಕ್ಷೇಮ.

ಕೊನೆ ಎಲ್ಲಿದೆಯೆಂದು ತಿಳಿಯದ, ಹಿಂದಕ್ಕೆ ಹೆಜ್ಜೆ ಇಡಲಾಗದ ಸರಣಿಗೆ ಇಂಥ ನೋಟ ಒದಗುವುದಿಲ್ಲ. ಕೇಳಿದಾಗಷ್ಟೇ ಮುಂದಿನ ಅಂಶವನ್ನು ಹುಟ್ಟಿಸಿಕೊಡುವ ಪೈಥಾನ್‌ನ ‘ಜನರೇಟರ್’ ಇಂಥದ್ದು; ಅದನ್ನು ಹಿಂದಿನಿಂದ ಓದಹೊರಟರೆ ‘ಟೈಪ್ ಎರರ್’ ಎಂಬ ದೋಷಸೂಚನೆ ಬರುತ್ತದೆ.

ಪಠ್ಯದ ವಿಷಯದಲ್ಲಿ, ತಿರುಗುತ್ತಿರುವ ಘಟಕ ಯಾವುದು ಎಂಬುದನ್ನೂ ಗಮನಿಸಬೇಕು. ‘ಕವಿ’ ಎಂಬ ಪದ ಪೈಥಾನ್‌ಗೆ ಕ, ವ ಮತ್ತು ಗುಡಿಸು ಎಂಬ ಮೂರು ಸಂಕೇತಗಳು. ಹಿಂದಿನಿಂದ ಓದಿದಾಗ ಮೊದಲು ಬರುವುದು ಆತುಕೊಳ್ಳಲು ವ್ಯಂಜನವೇ ಇಲ್ಲದ ಗುಡಿಸು. ಗುಣಿತ ಸಮೇತ ಇಡೀ ಅಕ್ಷರವನ್ನೇ ಘಟಕವಾಗಿ ಎಣಿಸುವ ಸ್ವಿಫ್ಟ್ ಭಾಷೆಯಲ್ಲಿ ಅದೇ ಪದದ ಹಿಮ್ಮುಖ ನೋಟ ‘ವಿಕ’ ಎಂದೇ ಓದಿಸಿಕೊಳ್ಳುತ್ತದೆ.