ಮಾಡೆಲಿಂಗ್ ಮೈಕ್ ಒಂದಿದ್ದರೆ ಹತ್ತು ಮೈಕ್ ಇದ್ದಂತೆಯೇ?

ಪ್ರಶ್ನೆ: ಮಂಡ್ಯದಲ್ಲಿ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಭಾವಗೀತೆಗಳನ್ನು ಹಾಡಿ ರೆಕಾರ್ಡ್ ಮಾಡುತ್ತೇನೆ. ಅಕ್ಕ ವೀಣೆ ನುಡಿಸುತ್ತಾರೆ. ಹಳೆಯ ದುಬಾರಿ ಮೈಕ್‌ಗಳ ಧ್ವನಿಯನ್ನೆಲ್ಲ ಒಂದರಲ್ಲೇ ಕೊಡುತ್ತದೆ ಎನ್ನುವ ಮಾಡೆಲಿಂಗ್ ಮೈಕ್ ಕೊಳ್ಳಬೇಕೆಂದಿದ್ದೇನೆ. ಅದರಿಂದ ಸ್ಟುಡಿಯೋ ಗುಣಮಟ್ಟ ಬರುತ್ತದೆಯೇ? ಈಗಿರುವ ಕಂಡೆನ್ಸರ್ ಮೈಕಿಗೇ ಅಂಥ ಸಾಫ್ಟ್‌ವೇರ್ ಹಾಕಿಕೊಂಡರೆ ಸಾಲದೇ?

ಉತ್ತರ: ಆ ಮೈಕ್‌ಗಳ ಧ್ವನಿಗುಣ ಬಹುಮಟ್ಟಿಗೆ ಬರುತ್ತದೆ. ಸ್ಟುಡಿಯೋ ಗುಣಮಟ್ಟ ಬರುವುದು ಮಾತ್ರ ನಿಮ್ಮ ಕೋಣೆಯನ್ನು ಅವಲಂಬಿಸಿದೆ. ಮೈಸೂರು, ಮಂಡ್ಯದ ಕಡೆಯಿಂದ ಈ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಯಾವ ಮೈಕೂ ಕೇಳಿದ್ದನ್ನು ಕೇಳಿದಂತೆ ಒಪ್ಪಿಸುವುದಿಲ್ಲ. 1940ರ ದಶಕದ ಕೊನೆಯಲ್ಲಿ ಬಂದ ನಾಯ್ಮನ್ ಯು 47, 1953ರ ಎಕೆಜಿ ಸಿ 12, 1960ರ ಯು 67 ಇವೆಲ್ಲ ತಮ್ಮ ತಮ್ಮ ಬಣ್ಣ ಹಚ್ಚಿಯೇ ಧ್ವನಿಯನ್ನು ಮುಂದೆ ಕಳಿಸುತ್ತವೆ. ಆ ಬಣ್ಣಕ್ಕಾಗಿಯೇ ಜನ ಇಂದಿಗೂ ಲಕ್ಷಗಟ್ಟಲೆ ಕೊಟ್ಟು ಅವುಗಳನ್ನು ಹುಡುಕುತ್ತಾರೆ. ಮಾಡೆಲಿಂಗ್ ಮೈಕಿನದು ಬೇರೆ ದಾರಿ. ತಾನು ಆದಷ್ಟು ತಟಸ್ಥವಾಗಿ, ಕಡಿಮೆ ಗದ್ದಲದಲ್ಲಿ ಧ್ವನಿ ಹಿಡಿಯುತ್ತದೆ. ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಪ್ಲಗಿನ್ ಎಂಬ ಪುಟ್ಟ ಸಾಫ್ಟ್‌ವೇರ್ ಹಚ್ಚುತ್ತದೆ. ಹಳೆಯ ಮೈಕ್ ಯಾವ ಆವರ್ತನವನ್ನು ಎಷ್ಟು ಎತ್ತುತ್ತದೆ, ಬಾಯಿ ಹತ್ತಿರ ಬಂದಾಗ ಮಂದ್ರ ಎಷ್ಟು ಉಬ್ಬುತ್ತದೆ, ಜೋರಾಗಿ ಹಾಡಿದಾಗ ಅದರ ವಾಲ್ವ್ ಧ್ವನಿಯನ್ನು ಹೇಗೆ ದಪ್ಪವಾಗಿಸುತ್ತದೆ ಎಂಬುದನ್ನೆಲ್ಲ ಅಳೆದಿಟ್ಟುಕೊಂಡು, ಆ ಲೆಕ್ಕವನ್ನು ನಿಮ್ಮ ಧ್ವನಿಗೆ ಅನ್ವಯಿಸುತ್ತದೆ. ಒಂದು ಮಾತು ನೆನಪಿರಲಿ: ಅಳೆದದ್ದು ಒಂದು ನಿರ್ದಿಷ್ಟ ಹಳೆಯ ಮೈಕನ್ನು. ಎಪ್ಪತ್ತು ವರ್ಷ ಸವೆದ ಎರಡು ಯು 47ಗಳೇ ಒಂದರಂತೆ ಒಂದಿರುವುದಿಲ್ಲ. ಆದ್ದರಿಂದ ‘ತದ್ರೂಪ’ ಎಂಬ ಜಾಹೀರಾತಿನ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ಆ ಬಣ್ಣ ನಿಮ್ಮ ಕಂಠಕ್ಕೆ ಒಪ್ಪುತ್ತದೆಯೇ ಎಂಬುದಷ್ಟೇ ಮುಖ್ಯ.

ಕೊಳ್ಳುವ ಮುನ್ನ ತಿಳಿಯಲೇಬೇಕಾದ ಭೇದ ಒಂದಿದೆ. ಸ್ಲೇಟ್ ಡಿಜಿಟಲ್‌ನ ಎಂಎಲ್-1ರಂಥವು ಒಂದೇ ಚಾನೆಲ್‌ನಲ್ಲಿ ಧ್ವನಿ ಕೊಡುತ್ತವೆ. ಟೌನ್‌ಸೆಂಡ್ ಲ್ಯಾಬ್ಸ್ ತಯಾರಿಸಿದ, ಈಗ ಯೂನಿವರ್ಸಲ್ ಆಡಿಯೋ ಕೈಯಲ್ಲಿರುವ ಸ್ಫಿಯರ್ ಮತ್ತು ಆಂಟಲೋಪ್‌ನ ಎಡ್ಜ್ ಡ್ಯುಯೋ ಮೈಕಿನೊಳಗೆ ಧ್ವನಿಗೆ ಕಂಪಿಸುವ ತೆಳು ಪರದೆಗಳಲ್ಲಿ (ಡಯಾಫ್ರಾಮ್) ಮುಂದಿನ ಪರದೆಯ ಧ್ವನಿಯನ್ನೂ ಹಿಂದಿನ ಪರದೆಯ ಧ್ವನಿಯನ್ನೂ ಬೇರೆ ಬೇರೆ ಚಾನೆಲ್‌ಗಳಲ್ಲಿ ಕೊಡುತ್ತವೆ. ನನ್ನ ಮಟ್ಟಿಗೆ ಈ ತಂತ್ರಜ್ಞಾನದ ನಿಜವಾದ ಬೆಲೆ ಇರುವುದು ಹಳೆಯ ಹೆಸರುಗಳ ಪಟ್ಟಿಯಲ್ಲಿ ಅಲ್ಲ, ಈ ಎರಡು ಚಾನೆಲ್‌ಗಳಲ್ಲಿ.

ಕಾರಣ ಹೀಗಿದೆ. ಮೈಕಿನ ಬಣ್ಣ ಎಲ್ಲ ದಿಕ್ಕಿಗೂ ಒಂದೇ ಅಲ್ಲ. ಎದುರಿನಿಂದ ಬಂದ ಸ್ವರಕ್ಕೆ ಒಂದು, ಪಕ್ಕದಿಂದ ಬಂದದ್ದಕ್ಕೆ ಇನ್ನೊಂದು, ಹಿಂದಿನಿಂದ ಬಂದದ್ದಕ್ಕೆ ಮತ್ತೊಂದು. ಒಂದೇ ಚಾನೆಲ್ ಇದ್ದಾಗ ಎಲ್ಲ ದಿಕ್ಕಿನ ಧ್ವನಿಯೂ ಆಗಲೇ ಬೆರೆತುಹೋಗಿರುತ್ತದೆ. ನಿಮ್ಮ ಕಂಠ ಯಾವುದು, ಗೋಡೆಯ ಪ್ರತಿಧ್ವನಿ ಯಾವುದು ಎಂದು ಪ್ಲಗಿನ್‌ಗೆ ತಿಳಿಯುವ ದಾರಿಯಿಲ್ಲ. ಎರಡಕ್ಕೂ ಒಂದೇ ಬಣ್ಣ ಬಳಿಯುತ್ತದೆ. ಎರಡು ಚಾನೆಲ್ ಇದ್ದರೆ ಮುಂದು–ಹಿಂದುಗಳ ವ್ಯತ್ಯಾಸ ಕೈಯಲ್ಲಿರುತ್ತದೆ. ಆಗ ಹಾಡಿ ಮುಗಿಸಿದ ಮೇಲೂ ಮೈಕ್ ಯಾವ ದಿಕ್ಕಿಗೆ ಎಷ್ಟು ಕಿವಿಗೊಡಬೇಕೆಂಬುದನ್ನು ಬದಲಿಸಬಹುದು, ತೀರ ಹತ್ತಿರದಿಂದ ಹಾಡಿ ಉಬ್ಬಿದ ಮಂದ್ರವನ್ನು ಇಳಿಸಬಹುದು. ಹಾಡುವವರೂ ನೀವೇ, ಬಟನ್ ಒತ್ತುವವರೂ ನೀವೇ ಆಗಿರುವಾಗ ಇದು ದೊಡ್ಡ ಅನುಕೂಲ. ಹಾಡುತ್ತಿರುವಾಗ ಹಾಡಿನ ಮೇಲಷ್ಟೇ ಮನಸ್ಸಿಡಬಹುದು.

ಇದಕ್ಕೆ ಕೆಲವು ಶಿಸ್ತುಗಳಿವೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ನಿಮ್ಮ ಆಡಿಯೋ ಇಂಟರ್‌ಫೇಸ್‌ನಲ್ಲಿ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕಿಗೆ ಹೋಗುವ ವಿದ್ಯುತ್) ಇರುವ ಎರಡು ಪ್ರಿಆಂಪ್, ಅಂದರೆ ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಭಾಗ, ಬೇಕು. ಎರಡರ ಗೇನ್ (ಹಿಗ್ಗಿಸುವ ಪ್ರಮಾಣ) ಸರಿಸಮ ಇರಬೇಕು. ಒಂದು ಹೆಚ್ಚು, ಒಂದು ಕಡಿಮೆ ಆದರೆ ಪ್ಲಗಿನ್‌ನ ಲೆಕ್ಕವೇ ತಪ್ಪುತ್ತದೆ. ತಿರುಗುಗುಬ್ಬಿಯನ್ನು ಕಣ್ಣಳತೆಯಲ್ಲಿ ಹೊಂದಿಸುವುದಕ್ಕಿಂತ ಅಂಕಿಯಲ್ಲಿ ಗೇನ್ ತೋರಿಸುವ ಇಂಟರ್‌ಫೇಸ್ ಒಳ್ಳೆಯದು. ಎರಡೂ ಚಾನೆಲ್‌ಗಳನ್ನು ಒಂದು ಸ್ಟೀರಿಯೋ ಟ್ರ್ಯಾಕ್ ಆಗಿ ರೆಕಾರ್ಡ್ ಮಾಡಿ. ಮಾಡೆಲಿಂಗ್ ಪ್ಲಗಿನ್ ಸರಣಿಯಲ್ಲಿ ಮೊದಲು ಇರಲಿ; ಈಕ್ವಲೈಸರ್, ಕಂಪ್ರೆಸರ್ ಎಲ್ಲ ಅದರ ನಂತರ.

ಇನ್ನು ಕೋಣೆಯ ವಿಷಯ. ಮನೆಯಿಂದಲೇ ಧ್ವನಿ ಕಟ್ಟುವ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ಹೆಮ್ಮೆಯ ಚರಿತ್ರೆಯಿದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ಬಾನುಲಿಯನ್ನು ಆರಂಭಿಸಿದ್ದು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ. ಮನೆಯ ಕೋಣೆ ಎಂಬುದು ಕೊರತೆಯಲ್ಲ. ಆದರೆ ಆರ್‌ಸಿಸಿ ಸೂರು, ಟೈಲ್ಸ್ ನೆಲ, ಗಾರೆ ಗೋಡೆಯ ಹತ್ತು–ಹನ್ನೆರಡು ಅಡಿಯ ಬರಿಯ ಕೋಣೆಯಲ್ಲಿ ಧ್ವನಿಯನ್ನು ಹೀರಿಕೊಳ್ಳುವಂಥದ್ದು ಏನೂ ಇಲ್ಲ. ಒಂದು ಚಪ್ಪಾಳೆ ತಟ್ಟಿ ನೋಡಿ, ಗಣಗಣ ಎನ್ನುವ ಬಾಲ ಕೇಳಿಸುತ್ತದೆ. ಅಗಲ ಹತ್ತು ಅಡಿ, ಎತ್ತರವೂ ಹತ್ತು ಅಡಿ ಇದ್ದರೆ ಎರಡೂ ಅಳತೆಗಳು ಸುಮಾರು 56 ಹರ್ಟ್ಸ್‌ನ ಮಂದ್ರವನ್ನೇ ಹಿಡಿದು ಉಬ್ಬಿಸುತ್ತವೆ. ಅದರ ದುಪ್ಪಟ್ಟಾದ 112 ಹರ್ಟ್ಸ್‌ನಲ್ಲೂ ಅದೇ ಕಾಟ, ಅದು ಗಂಡು ಕಂಠದ ನೆಲೆ. ಇವನ್ನೆಲ್ಲ ಮೈಕ್ ನಿಷ್ಠೆಯಿಂದ ಹಿಡಿಯುತ್ತದೆ, ಪ್ಲಗಿನ್ ಅದಕ್ಕೆ ಯು 47ರ ಬಣ್ಣ ಹಚ್ಚುತ್ತದೆ. ಎರಡು ಚಾನೆಲ್‌ಗಳ ಮೈಕೂ ಪ್ರತಿಧ್ವನಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಬಲ್ಲದೇ ಹೊರತು ತೆಗೆದುಹಾಕಲಾರದು.

ಹೆಚ್ಚಿನವರು ಮೈಕಿನ ಹಿಂದೆ ಸ್ಪಂಜಿನ ಗುರಾಣಿ ನಿಲ್ಲಿಸಿ ಸುಮ್ಮನಾಗುತ್ತಾರೆ. ಎದುರಿನ ಧ್ವನಿಯನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ನೋಡುವುದು ನಿಮ್ಮ ಕಡೆಗೆ, ನಿಮ್ಮ ಬೆನ್ನ ಹಿಂದಿನ ಗೋಡೆಯ ಕಡೆಗೆ. ಮೊದಲು ಮುಚ್ಚಬೇಕಾದದ್ದು ಆ ಗೋಡೆಯನ್ನು. ಹಳೆಯ ಹತ್ತಿ ಹಾಸಿಗೆಯೊಂದನ್ನು ಬೆನ್ನ ಹಿಂದೆ ಎತ್ತಿ ನಿಲ್ಲಿಸಿ, ಎರಡು ಪಕ್ಕಕ್ಕೆ ದಪ್ಪ ರಜಾಯಿ ತೂಗಿಬಿಡಿ, ನೆಲಕ್ಕೆ ಜಮಖಾನ ಹಾಸಿ. ಇಷ್ಟರಿಂದಲೇ ಕಂಠ ಸ್ಪಷ್ಟವಾಗುವುದು ನಿಮಗೇ ಕೇಳಿಸುತ್ತದೆ. ಮಂದ್ರದ ಉಬ್ಬರಕ್ಕೆ ಮಾತ್ರ ಬಟ್ಟೆ ಸಾಲದು. ನಾಲ್ಕು ಅಂಗುಲದ ರಾಕ್‌ವುಲ್ (ಕಲ್ಲಿನ ನಾರಿನ) ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿ ಮೂಲೆಗಳಲ್ಲಿ ನಿಲ್ಲಿಸಬೇಕು. ಮೊಟ್ಟೆಯ ಟ್ರೇ ಅಂಟಿಸುವುದರಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ. ಫ್ಯಾನ್ ಆರಿಸಿ. ಕರೆಂಟ್ ಹೋಗಿ ಇನ್ವರ್ಟರ್ ಓಡುತ್ತಿದ್ದರೆ ಅದರ ಗುಂಯ್‌ಗುಟ್ಟುವಿಕೆ ರೆಕಾರ್ಡಿಂಗ್‌ಗೆ ಸೇರಿಕೊಳ್ಳಬಹುದು. ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯಲ್ಲೇ ಓಡಿಸಿ.

ಕನ್ನಡ ಹಾಡುವವರಿಗೆ ಮಾದರಿಯ ಆಯ್ಕೆಯಲ್ಲಿ ಒಂದು ಎಚ್ಚರಿಕೆ ಬೇಕು. ಸಿ 12ರಂಥ, ಮೇಲಿನ ಆವರ್ತನಗಳು ಹೊಳೆಯುವ ಮಾದರಿಗಳು ಮೊದಲ ಬಾರಿಗೆ ಕೇಳಿದಾಗ ಮನಸೆಳೆಯುತ್ತವೆ. ಆದರೆ ಸಾಲಿನಲ್ಲಿ ಸ, ಶ, ಷ ಒಟ್ಟೊಟ್ಟಿಗೆ ಬಂದಾಗ ಕಿವಿಗೆ ಚುಚ್ಚುತ್ತವೆ. ಭ, ಫ, ಧಗಳ ಉಸಿರು ನೇರವಾಗಿ ಪರದೆಗೆ ಬಡಿದರೆ ಯಾವ ಮಾದರಿಯೂ ಕಾಪಾಡುವುದಿಲ್ಲ; ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್ ಇಟ್ಟು, ಒಂದು ಗೇಣು ದೂರದಿಂದ, ಬಾಯಿಯ ನೇರಕ್ಕಿಂತ ಸ್ವಲ್ಪ ಓರೆಯಾಗಿ ಹಾಡಿ. ಮಾದರಿಗಳನ್ನು ಹೋಲಿಸುವಾಗ ಎಲ್ಲದರ ಧ್ವನಿಮಟ್ಟ ಒಂದೇ ಇರುವಂತೆ ನೋಡಿಕೊಳ್ಳಿ, ಏಕೆಂದರೆ ಜೋರಾಗಿ ಕೇಳುವುದೇ ಚೆನ್ನಾಗಿದೆ ಎಂದು ಕಿವಿ ನಂಬುತ್ತದೆ. ಪಕ್ಕವಾದ್ಯದ ಜತೆಗಿಟ್ಟು ಕೇಳಿ ಒಂದನ್ನು ಆರಿಸಿ, ಹಾಡು ಮುಗಿಯುವವರೆಗೆ ಮತ್ತೆ ಮುಟ್ಟಬೇಡಿ. ಮಾದರಿ ಬದಲಿಸುತ್ತಾ ಕೂತವರ ಹಾಡು ಮುಗಿಯುವುದೇ ಇಲ್ಲ.

ನಿಮ್ಮ ಅಕ್ಕನ ವೀಣೆಗೆ ಈ ಮೈಕ್ ನಿಜಕ್ಕೂ ಒಗ್ಗುತ್ತದೆ. ವೀಣೆಯ ನಾದ ಮೆಲುವಾದದ್ದು. ಮೀಟಿದ ಮೇಲೆ ಗಮಕ ಸಾಗುವುದೇ ಕ್ಷೀಣಿಸುತ್ತಿರುವ ನಾದದಲ್ಲಿ. ಮೈಕಿನ ಸ್ವಂತ ಗದ್ದಲ ಕಡಿಮೆಯಿದ್ದಷ್ಟೂ ಆ ಗಮಕದ ಕೊನೆ ಉಳಿಯುತ್ತದೆ. ಕೊಡದಿಂದ ಒಂದೂವರೆ–ಎರಡು ಅಡಿ ದೂರದಲ್ಲಿ, ಕುದುರೆಗಿಂತ ತುಸು ಮೆಟ್ಟಿಲುಗಳ ಕಡೆಗೆ ಮುಖ ಮಾಡಿ ಮೈಕನ್ನು ನಿಲ್ಲಿಸಿ ಆರಂಭಿಸಿ. ತಂತಿಯ ಕೀರಲು ಹೆಚ್ಚಾದರೆ ಸ್ವಲ್ಪ ಸರಿಸಿ. ಪ್ಲಗಿನ್‌ನಲ್ಲಿ ಚಿಕ್ಕ ಡಯಾಫ್ರಾಮ್ ಮೈಕಿನ ಮಾದರಿ ಇದ್ದರೆ ಅದನ್ನು ಮೊದಲು ಕೇಳಿ.

ಈಗಿರುವ ಮೈಕಿಗೇ ಸಾಫ್ಟ್‌ವೇರ್ ಹಾಕುವ ಬಗ್ಗೆ ಕೇಳಿದ್ದೀರಿ. ಅಂಥ ಸಾಫ್ಟ್‌ವೇರ್ ಹೊಸದೇನಲ್ಲ. ಶ್ರುತಿ ತಿದ್ದುವ ಆಟೋ-ಟ್ಯೂನ್ ಸಾಫ್ಟ್‌ವೇರ್ ಮಾಡಿದ ಆಂಟಾರೆಸ್ ಸಂಸ್ಥೆ ಸುಮಾರು 2000ದ ಹೊತ್ತಿಗೇ ಮೈಕ್ರೊಫೋನ್ ಮಾಡೆಲರ್ ಎಂಬುದನ್ನು ತಂದಿತ್ತು. ‘ನನ್ನ ಮೈಕ್ ಇದು’ ಎಂದು ಪಟ್ಟಿಯಿಂದ ಆರಿಸಬೇಕು. ಅದು ಆ ಮಾದರಿಯ ಅಳತೆಯನ್ನು ಕಳೆದು, ಬೇಕಾದ ಮೈಕಿನ ಅಳತೆಯನ್ನು ಕೂಡಿಸುತ್ತದೆ. ನಿಮ್ಮ ಮೈಕ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಫಲ ಬರಿಯ ಊಹೆ. ಇದ್ದರೂ ನಿಮ್ಮ ಕೈಯಲ್ಲಿರುವ ಮೈಕ್ ಅವರು ಅಳೆದ ಮೈಕಿನಂತೆಯೇ ಇರಬೇಕೆಂದಿಲ್ಲ. ದಿಕ್ಕಿನ ಆಟವಂತೂ ಅದರಲ್ಲಿ ಸಾಧ್ಯವೇ ಇಲ್ಲ. ಆದರೂ ಖರ್ಚು ಕಡಿಮೆ. ನನ್ನ ಸಲಹೆ ಇಷ್ಟು: ಈ ವರ್ಷ ಹಾಸಿಗೆ, ರಜಾಯಿ, ರಾಕ್‌ವುಲ್ಲಿನ ಕೆಲಸ ಮುಗಿಸಿ, ಈಗಿರುವ ಮೈಕಿನಲ್ಲೇ ಹಾಡಿ. ಆ ಮೇಲೂ ಧ್ವನಿಯಲ್ಲಿ ಇಂಥದ್ದೇ ಕೊರತೆ ಎಂದು ಬೆರಳಿಟ್ಟು ತೋರಿಸುವಂತಾದರೆ ಎರಡು ಚಾನೆಲ್‌ಗಳ ಮಾಡೆಲಿಂಗ್ ಮೈಕ್ ಕೊಳ್ಳಿ.